ಕ್ಯಾಸೆಟ್ಟಿನಲ್ಲಿ ಯಜಮಾನರ ದನಿ

ನಮ್ಮ ಯಜಮಾನರಿಗೆ ದನಿ ಇದ್ದ ಕಾಲದಲ್ಲಿ ಅದೇ ನಮಗೊಂದು ಕಾಟವಾಗಿತ್ತು. ಗದ್ದೆಯ ಆ ಬದುವಿನಿಂದ ಕೂಗಿದರೆ ಅಡಿಗೆಮನೆಯಲ್ಲಿ ನನ್ನ ಕೈಯ ಸೌಟು ಅಲ್ಲಾಡುತ್ತಿತ್ತು. ಮಗಳು ತೊಟ್ಟಿಲಲ್ಲಿದ್ದಾಗ, "ಮೆತ್ತಗೆ ಮಾತಾಡಿ, ಕೂಸು ಎದ್ದೇಳ್ತದೆ" ಎಂದು ಎಷ್ಟು ಸಲ ಕೈ ಮುಗಿದಿದ್ದೇನೋ. ಪಾಂಡವಪುರದ ಸುತ್ತಮುತ್ತ ಎಲ್ಲಿ ಕಬಡ್ಡಿ ಪಂದ್ಯ ನಡೆದರೂ ಮೈಕು ಹಿಡಿಯಲು ಅವರೇ ಬೇಕಾಗಿತ್ತು. ಕಿಕ್ಕೇರಿ ಕಡೆಯವರು, ನಾಗಮಂಗಲದ ಕಡೆಯವರು ಮೋಟಾರು ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಆಡುವವರನ್ನು ಬೈಯುವುದು, ನೋಡುವವರನ್ನು ನಗಿಸುವುದು, ನಡುವೆ ತಪ್ಪಿಸಿಕೊಂಡ ಮಕ್ಕಳ ವಿಚಾರ ಹೇಳುವುದು, ಎಲ್ಲವೂ ಒಂದೇ ಉಸಿರಿನಲ್ಲಿ. ಮೈಕನ್ನು ಅವರು ಬಾಯಿಗೆ ಹಿಡಿಯುತ್ತಿರಲಿಲ್ಲ, ಗದ್ದದ ಕೆಳಗೆ ಒತ್ತಿಕೊಳ್ಳುತ್ತಿದ್ದರು. ಬಾಯಿಗೆ ಹಿಡಿದರೆ ಲೌಡ್ ಸ್ಪೀಕರು ತಡೆಯುವುದಿಲ್ಲ ಎನ್ನುತ್ತಿದ್ದರು.

ಆ ದನಿಯ ಸುದ್ದಿ ಕೇಳಿಯೇ ಸಿನಿಮಾದವರು ನಮ್ಮೂರಿಗೆ ಬಂದದ್ದು. ತೊಂಬತ್ತರ ದಶಕದ ನಡುವಿನ ಮಾತು. ಅದೊಂದು ನಗೆಚಿತ್ರ. ಒಂದೂ ಪಂದ್ಯ ಗೆಲ್ಲದ ಹಳ್ಳಿಯ ಕಬಡ್ಡಿ ತಂಡವೊಂದು ಏನೇನೋ ಎಡವಟ್ಟು ಮಾಡಿಕೊಂಡು ಕೊನೆಗೆ ತಾಲ್ಲೂಕಿನ ಕಪ್ಪು ಗೆಲ್ಲುವ ಕಥೆ. ತಂಡದಲ್ಲಿ ಒಬ್ಬ ಬಗ್ಗಲಾರದ ದಪ್ಪನೆಯವನು. ಒಬ್ಬನಿಗೆ "ಕಬಡ್ಡಿ" ಎನ್ನುವಷ್ಟರಲ್ಲಿ ಬಿಕ್ಕಳಿಕೆ. ಇನ್ನೊಬ್ಬನಿಗೆ ಕಚಗುಳಿ, ಯಾರಾದರೂ ಸೊಂಟ ಹಿಡಿದರೆ ನಕ್ಕು ತಾನೇ ಔಟಾಗುವನು. ಇವರೆಲ್ಲ ಬೆಂಗಳೂರಿನಿಂದ ಬಂದ ನಟರು. ಕೊನೆಯ ಪಂದ್ಯದಲ್ಲಿ ಮೈಕು ಹಿಡಿದು ಮಾತಾಡುವವನ ಪಾತ್ರಕ್ಕೆ ಮಾತ್ರ ನಮ್ಮವರೇ ಆಗಬೇಕೆಂದರು. ಕಬ್ಬು ಕಟಾವಾದ ಹೊಲವನ್ನು ಮಟ್ಟ ಮಾಡಿ ಅಂಕಣ ಹಾಕಿದರು. "ನಿಮಗೆ ಹೇಗೆ ಬರುತ್ತೋ ಹಾಗೆ ಮಾತಾಡ್ತಾ ಇರಿ, ನಿಲ್ಲಿಸಬೇಡಿ" ಎಂದು ಡೈರೆಕ್ಟರು ಹೇಳಿದ್ದರಂತೆ. ನಮ್ಮವರಿಗೆ ನಿಲ್ಲಿಸು ಅಂದರೆ ಕಷ್ಟವೇ ಹೊರತು ಮಾತಾಡು ಅಂದರೆ ಅಲ್ಲ. ನಾನು ನೋಡಲು ಹೋದದ್ದು ಒಂದೇ ಸಲ. ಹೆಂಗಸರ ಹಿಂದೆ ನಿಂತಿದ್ದೆ. ಆ ಕೂಗಾಟ, ಧೂಳು, ಜನರೇಟರಿನ ಸದ್ದಿನಲ್ಲಿ ನನಗೊಂದೂ ತಿಳಿಯದೆ ಮನೆಗೆ ಬಂದುಬಿಟ್ಟೆ.

ಅಲ್ಲಿಂದ ಮುಂದೆ ಅವರದು ಒಂದೇ ಮಾತು. "ನನ್ ದನಿ ಇಡೀ ಕರ್ನಾಟಕ ಕೇಳ್ತದೆ ಕಣೇ."

ಸಿನಿಮಾ ತೆರೆಗೆ ಬರುವ ಮೊದಲೇ ಅವರ ಗಂಟಲು ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡೆವು. ಮೆಣಸು, ಬೆಲ್ಲ, ಅತಿಮಧುರ ಎಲ್ಲ ಆಯಿತು. ಬೀಡಿ ಬಿಡಿ ಎಂದರೆ ಬಿಡಲಿಲ್ಲ. ಅನ್ನ ಇಳಿಯದಂತಾದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಜೀವ ಉಳಿಯಬೇಕಾದರೆ ದನಿಯ ಗೂಡನ್ನೇ ತೆಗೆಯಬೇಕು ಎಂದರು. ನಾನು ಒಪ್ಪಿದೆ. ಒಪ್ಪದೆ ಇನ್ನೇನು ಮಾಡಲಿ? ಕೊರಳಿನ ಕೆಳಗೊಂದು ತೂತು, ಉಸಿರು ಅದರಲ್ಲೇ. ಅದರ ಮೇಲೆ ಸದಾ ಒಂದು ತೆಳ್ಳನೆ ಬಟ್ಟೆ. ಮೊದಲ ಸಲ ಅವರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದ ದಿನ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನನ್ನ ಮಾಂಗಲ್ಯ ಉಳಿಯಿತು, ಮಗಳಿಗೆ ಅಪ್ಪ ಉಳಿದ. ಅದಕ್ಕಿಂತ ಹೆಚ್ಚು ಕೇಳುವುದು ಆಸೆಬುರುಕತನ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಮನೆಯಲ್ಲಿ ಅತ್ತೆಯಿದ್ದರು. ಅವರ ಎರಡು ಕಣ್ಣಿಗೂ ಪೊರೆ ಬಂದು ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಚುರುಕು. ನಾನು ಮತ್ತು ಮಗಳು ಸ್ವಲ್ಪ ದಿನದಲ್ಲೇ ಯಜಮಾನರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತೆವು. ಅವರು ಸದ್ದಿಲ್ಲದೆ ತುಟಿ ಆಡಿಸುವರು, ನಾವು ಓದುವೆವು. ಬಾ, ಮಾ, ಪಾ ಮೂರೂ ತುಟಿಯ ಮೇಲೆ ಒಂದೇ ಥರ. ಸಂದರ್ಭ ನೋಡಿ ಊಹಿಸಬೇಕು. ಅತ್ತೆಗೆ ಅದೆಲ್ಲಿ ಸಾಧ್ಯ? ಮಗನ ಕೈ ಹಿಡಿದು ಕೂತು, ನನ್ನ ಕಡೆ ಮುಖ ತಿರುಗಿಸಿ, "ಏನಂದ್ನವ್ವ?" ಎಂದು ಕೇಳುವರು. ನಾನು ಹೇಳುವೆ. ಒಂದು ದಿನ ಬೇಸತ್ತು ಅಂದರು:

"ನೀ ಏಳೋದೆಲ್ಲ ನಿನ್ ಮಾತಂಗೇ ಅದೆ. ನನ್ ಮಗ ಇದ್ದಾನೋ ಇಲ್ವೋ ಅಂತ್ಲೇ ಗೊತ್ತಾಗಾಕಿಲ್ಲ ನಂಗೆ."

ಯಜಮಾನರಿಗೂ ಅದು ಕೇಳಿಸಿತು. ಆಮೇಲೆ ಅವರ ತುಟಿ ಆಡಿತು. ನಾನು ಅತ್ತೆಗೆ ಹೇಳಿದೆ: "ಸಿನ್ಮಾದ್ ಕ್ಯಾಸೆಟ್ ಬರ್ಲಿ, ತಡ್ಯವ್ವ. ಅದ್ರಲ್ಲಿ ಕೇಳಿವಂತೆ ಅಂತಾವ್ರೆ."

ಸಿನಿಮಾ ಪಾಂಡವಪುರದ ಟಾಕೀಸಿಗೆ ಬಂದಾಗ ನಾವು ಆಸ್ಪತ್ರೆಯಲ್ಲಿದ್ದೆವು. ಬಂದಷ್ಟೇ ಬೇಗ ಹೋಗಿಯೂ ಆಗಿತ್ತು. ಹಾಗಾಗಿ ಮನೆಯಲ್ಲಿ ಎಲ್ಲರ ಕಣ್ಣೂ ವಿಡಿಯೋ ಕ್ಯಾಸೆಟ್ಟಿನ ಮೇಲೆ. ಅದು ಬಂದರೆ ಅತ್ತೆ ಮಗನ ದನಿ ಕೇಳುತ್ತಾರೆ ಎಂಬುದು ತೀರ್ಮಾನವಾಗಿಹೋಗಿತ್ತು. ಬೇರೆಲ್ಲೂ ಆ ದನಿ ಉಳಿದಿರಲಿಲ್ಲ. ಕಿಕ್ಕೇರಿಯ ನೆಂಟರೊಬ್ಬರು ಒಂದು ಪಂದ್ಯವನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರೆಂದು ಕೇಳಿ ಹೋಗಿ ವಿಚಾರಿಸಿದೆ. ಅದರ ಮೇಲೆ ದೇವರನಾಮ ತುಂಬಿಸಿಬಿಟ್ಟಿದ್ದರು. ದೇವರನಾಮವಲ್ಲವೇ, ಬೈಯಲೂ ಬಾಯಿ ಬರಲಿಲ್ಲ.

ಕ್ಯಾಸೆಟ್ಟು ಬಂತೇ ಎಂದು ಕೇಳಲು ಕೆ.ಆರ್. ಪೇಟೆಯ ವಿಡಿಯೋ ಅಂಗಡಿಗೆ ಹೋದಾಗ ನನ್ನ ಎದೆಗೆ ಕಲ್ಲು ಬಿತ್ತು. ಅಂಗಡಿಯವನು ಒಳ್ಳೆಯವನೇ. ನಾನು ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಅಕ್ಕ, ನಾನ್ ಇಂಗೇಳ್ದೆ ಅಂತ ಬೇಜಾರ್ ಮಾಡ್ಕೋಬ್ಯಾಡಿ. ಸಿನ್ಮಾದಲ್ಲಿ ಮೂತಿ ಒಬ್ರುದು, ಮಾತೊಬ್ರುದು. ಎಲ್ಲ ಮುಗುದ್ಮ್ಯಾಲೆ ಬೆಂಗ್ಳೂರಲ್ಲಿ ರೂಮ್ನಲ್ಲಿ ಕೂರ್ಸಿ ಮಾತಾಡ್ಸಿ ಅಂಟುಸ್ತಾರೆ. ಯಜಮಾನ್ರುನ್ನ ಕರುದಿದ್ರಾ ಅದುಕ್ಕೆ?"

"ಇಲ್ಲ ಕಣಪ್ಪ."

"ಅಂಗಾದ್ರೆ..." ಎಂದವನು ನನ್ನ ಮುಖ ನೋಡಿ, "ಇರ್ಬೋದು ಬುಡಿ, ಅವ್ರುದೇ ಇಟ್ರೂ ಇಟ್ಟಿರ್ಬೋದು" ಎಂದ.

ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ. ಯಜಮಾನರಿಗೆ ಹೇಳುವುದೇ, ಬೇಡವೇ? ಹೇಳಿದರೆ ಇರುವ ಒಂದು ಆಸೆಯನ್ನು ನನ್ನ ಕೈಯಾರೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ಹತ್ತು ಜನರ ಮುಂದೆ ಅವರು ಬಾಯಿ ತೆರೆದಾಗ ಇನ್ಯಾರದೋ ದನಿ ಹೊರಟರೆ? ಅತ್ತೆಗೆ ಏನು ಹೇಳುವುದು? ಟಾಕೀಸಿನಲ್ಲಿ ನೋಡಿದ್ದ ಪಕ್ಕದ ಮನೆಯಾಕೆಯನ್ನು ಕೇಳೋಣವೆಂದು ಹೋದೆ.

"ಬಂದವ್ರೆ ಕಣಕ್ಕ ನಿಮ್ಮೋರು, ಚೆಂದಾಗವ್ರೆ."

"ದನಿ ಅವರ್ದೇನಾ?"

"ಅಯ್ಯೋ, ಆ ಟಾಕೀಸ್ನಲ್ಲಿ ಹೀರೋನೂ ಒಂದೇ, ಹೀರೋಯಿನ್ನೂ ಒಂದೇ. ಎಲ್ಲಾರ್ಗೂ ನೆಗಡಿ ಬಂದಂಗೆ ಕೇಳ್ತಿತ್ತು."

ಆಕೆಯ ಗಂಡ ಒಳಗಿನಿಂದ, "ಅವಂದೇ ದನಿ ಕಣ್ರವ್ವ, ನಂಗೊತ್ತಿಲ್ವಾ?" ಎಂದರು. "ನೀನೆಲ್ ನೋಡ್ದೆ? ಕೊನೇಗಂಟ ಗೊರಕೆ ಹೊಡ್ದೋನು!" ಎಂದು ಆಕೆ ಬಾಯಿ ಮುಚ್ಚಿಸಿದಳು.

ಬೇರೆ ದಾರಿ ಕಾಣದೆ ಮಂಗಳವಾರ ಊರಮ್ಮನ ಗುಡಿಗೆ ಹೋಗಿ ಹೂ ಕೇಳಿದೆ. ನಮ್ಮ ಕಡೆ ಹೀಗೆಯೇ: ಮನಸ್ಸಿನಲ್ಲಿ ಒಂದು ಪ್ರಶ್ನೆಯಿಟ್ಟುಕೊಂಡು ಕೂರುವುದು, ಅಮ್ಮನ ಬಲಗಡೆಯಿಂದ ಹೂ ಉದುರಿದರೆ ಹೌದು, ಎಡಗಡೆಯಿಂದ ಉದುರಿದರೆ ಇಲ್ಲ. "ತಾಯೀ, ಅದರಲ್ಲಿ ಅವರ ದನಿ ಇದೆಯೇ?" ಎಂದು ಕೇಳಿದೆ. ಪೂಜಾರಿ ಗಂಟೆ ಬಾರಿಸುತ್ತಲೇ ಇದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯಿಂದ ಒಂದು ಸೇವಂತಿಗೆ ಜಾರಿ ಕೆಳಗೆ ಬಿತ್ತು. ಇನ್ನೊಂದು ಸಲ ಕೇಳಲೇ ಅನ್ನಿಸಿತು. ಕೊಟ್ಟ ಉತ್ತರವನ್ನು ಮತ್ತೆ ಕೇಳಬಾರದು, ಅದು ಅಮ್ಮನನ್ನು ನಂಬದ ಹಾಗೆ. ತೀರ್ಥ ತೆಗೆದುಕೊಂಡು ಎದ್ದುಬಂದೆ. ಆಮೇಲೆ ನಾನು ಒಲೆಯ ಮೇಲೆ ಹಾಲಿಟ್ಟು ಮರೆಯುವುದೂ, ಎಮ್ಮೆಗೆ ಹಾಕಿದ ಹುಲ್ಲನ್ನೇ ಮತ್ತೆ ಹಾಕುವುದೂ ಶುರುವಾಯಿತು. ಯಜಮಾನರು ನನ್ನ ಮುಖವನ್ನೇ ನೋಡಿ "ಏನು?" ಎಂದು ತುಟಿ ಆಡಿಸುವರು. "ಏನಿಲ್ಲ, ಸೆಖೆ" ಎನ್ನುವೆ.

ಕ್ಯಾಸೆಟ್ಟು ಬಂದಿದೆ ಎಂದು ಅಂಗಡಿಯವನು ಬಸ್ಸಿನ ಕಂಡಕ್ಟರರ ಮೂಲಕ ಹೇಳಿಕಳಿಸಿದ. ಯಜಮಾನರು ತಾವೇ ಹೊರಟರು. ಬಸ್ಸಿನ ಧೂಳು ಕೊರಳಿಗೆ ಆಗದೆಂದು ತಡೆದು ನಾನು ಮಗಳನ್ನು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ, ಅಂಗಡಿಯಲ್ಲೇ ಒಂದು ಸಲ ಹಾಕಿಸಿ ನೋಡಿಬಿಡೋಣವೆಂದಿದ್ದೆ. ಮೊದಲೇ ಗೊತ್ತಾದರೆ ಮನೆಯವರನ್ನು ಹೇಗೋ ಅಣಿ ಮಾಡಬಹುದು. ಹೋದರೆ ಅಂಗಡಿಯ ಟಿವಿಯಲ್ಲಿ ಕ್ರಿಕೆಟ್ಟು. ಗಂಡಸರು ಬಾಗಿಲವರೆಗೂ ನಿಂತಿದ್ದರು. ಅವರ ನಡುವೆ ಹೋಗಿ ಇದನ್ನು ತೆಗೆದು ನಮ್ಮದು ಹಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ದಪ್ಪನೆಯ ನಟ ಅಂಗಾತ ಬಿದ್ದು ಕಪ್ಪನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದ. ನಮ್ಮವರ ಚಿತ್ರ ಇರಲಿಲ್ಲ. ಕ್ಯಾಸೆಟ್ಟು ಹಾಕುವ ಪೆಟ್ಟಿಗೆಯನ್ನೂ ಬಾಡಿಗೆಗೆ ತೆಗೆದುಕೊಂಡು, ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀಟು ಸಿಕ್ಕಿದ್ದೇ ಪುಣ್ಯ. ದಾರಿಯುದ್ದಕ್ಕೂ ಮಗಳು, "ಅವ್ವ, ಅಜ್ಜಿಗೆ ಅಪ್ಪನ್ ದನಿ ಗುರ್ತ್ ಸಿಗ್ತದಾ?" ಎಂದು ಕೇಳುತ್ತಲೇ ಇದ್ದಳು.

ಭಾನುವಾರ ಮಧ್ಯಾಹ್ನ ನಮ್ಮ ಕಪ್ಪುಬಿಳುಪು ಟಿವಿಯ ಮುಂದೆ ಬೀದಿಯೇ ಬಂದು ಕೂತಿತು. ಕರೆಂಟು ಹೋಗದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿದ್ದರು. ಹೋದರೆ ಹೋಗಲಿ ಎಂದು ನನ್ನೊಬ್ಬಳ ಮನಸ್ಸು. ಅತ್ತೆಯನ್ನು ಎಲ್ಲರಿಗಿಂತ ಮುಂದೆ ಗೋಡೆಗೊರಗಿಸಿ ಕೂರಿಸಿದ್ದೆವು. ಯಜಮಾನರು ಇಸ್ತ್ರಿ ಅಂಗಿ ಹಾಕಿ, ಕೊರಳಿಗೆ ಹೊಸ ಬಟ್ಟೆ ಕಟ್ಟಿ ಪಕ್ಕದಲ್ಲಿ ಕೂತರು. ಬಿಕ್ಕಳಿಕೆಯವನು ಔಟಾದಾಗಲೆಲ್ಲ ಮನೆ ಬಿದ್ದುಹೋಗುವ ಹಾಗೆ ನಗು. ನನಗೆ ಮಾತ್ರ ಸೆರಗಿನ ಅಂಚು ತಿರುವುತ್ತ ಬೆರಳು ನೋವು ಬಂತು.

ಕೊನೆಯ ಪಂದ್ಯ ಬಂತು. ನಮ್ಮ ಹೊಲ, ನಮ್ಮ ಜನ. "ಲೋ, ನೀನು ಕಣ್ಲಾ!" "ನಮ್ ಎಮ್ಮೆ ನೋಡ್ರಲಾ!" ಗದ್ದಲವೋ ಗದ್ದಲ. ಆಮೇಲೆ ಯಜಮಾನರ ಮುಖ, ಗದ್ದದ ಕೆಳಗೆ ಮೈಕು. ತುಟಿ ತೆರೆಯಿತು.

"ಪ್ರೇಕ್ಷಕ ಬಂಧುಗಳೇ! ಹೀಗೊಂದು ರೋಮಾಂಚಕ ಹೋರಾಟವನ್ನು ನೀವು ಹಿಂದೆಂದೂ ಕಂಡಿರಲಾರಿರಿ!"

ಎಣ್ಣೆ ಸವರಿದಂಥ, ಒಂದು ಹಕಾರವನ್ನೂ ಬಿಡದ ಬೆಂಗಳೂರಿನ ದನಿ. ಯಾರೋ ಹಿಂದಿನಿಂದ, "ಇದ್ಯಾರ್ಲಾ ಇದು?" ಎಂದರು. ಇನ್ಯಾರೋ ಅವನಿಗೆ ಮೊಣಕೈಯಿಂದ ತಿವಿದರು.

"ಎಲ್ಲವ್ವ, ನನ್ ಮಗ ಬಂದ್ನಾ?" ಎಂದರು ಅತ್ತೆ.

"ಬಂದವ್ನೆ ಕಣಜ್ಜಿ, ಟಿವೀಲಿ ಅವ್ನೆ" ಎಂದಳು ಪಕ್ಕದ ಮನೆಯಾಕೆ.

"ಮತ್ಯಾಕ್ ಮಾತಾಡ್ತಿಲ್ಲ?"

ಆ ದನಿ ಮಾತ್ರ ಟಿವಿಯಲ್ಲಿ ಅಬ್ಬರಿಸುತ್ತಲೇ ಇತ್ತು. ಯಜಮಾನರು ಎದ್ದು, ಜನರ ಕಾಲು ದಾಟಿಕೊಂಡು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಕೊಟ್ಟಿಗೆಯ ಹತ್ತಿರ ಕಂಬ ಹಿಡಿದು ನಿಂತಿದ್ದರು. ನನ್ನನ್ನು ನೋಡಿ, "ಬುಡು" ಎಂದು ತುಟಿ ಆಡಿಸಿ ಮುಖ ತಿರುಗಿಸಿದರು. ಮುಖ ತಿರುಗಿಸಿದರೆ ನಮ್ಮ ಮನೆಯಲ್ಲಿ ಮಾತು ಮುಗಿದ ಹಾಗೆ, ಇನ್ನು ಓದಲು ಏನಿಲ್ಲ.

ಅಲ್ಲಿ ನಿಂತಿದ್ದಾಗ ಹೊಳೆಯಿತು. ಟಿವಿಯಲ್ಲಿ ಆ ದನಿ "ಹಿಂದೆಂದೂ ಕಂಡಿರಲಾರಿರಿ" ಎಂದಾಗ ಯಜಮಾನರ ತುಟಿ ಒಂದಕ್ಕೊಂದು ಕೂಡಿತ್ತು. ಆ ಮಾತಿನಲ್ಲಿ ತುಟಿ ಕೂಡುವ ಅಕ್ಷರ ಒಂದೂ ಇಲ್ಲ. ಅವರು ಹೇಳಿದ್ದು ಅದಲ್ಲ, ಬೇರೇನೋ. ದನಿ ಕಿವಿಗೆ ಅಪ್ಪಳಿಸುತ್ತಿದ್ದುದರಿಂದ ನನ್ನ ಕಣ್ಣು ಕೆಲಸ ಬಿಟ್ಟಿತ್ತು.

ಒಳಗೆ ಓಡಿದೆ. "ಪಂದ್ಯ ಶುರುವಾಗೋ ತಾವ್ಕೆ ಸುತ್ತವ್ವ ಮತ್ತೆ," ಎಂದು ಮಗಳಿಗೆ ಹೇಳಿದೆ. "ಸೌಂಡು ಪೂರ್ತಿ ಇಳ್ಸು."

"ಸೌಂಡಿಲ್ದೆ ಏನ್ ನೋಡೋದಕ್ಕ?" ಎಂದು ಹಿಂದಿನಿಂದ ಗೊಣಗಿದರು.

ಟಿವಿ ಮೂಕವಾಯಿತು. ಯಜಮಾನರ ಮುಖ ಬಂತು. ನಾನು ಟಿವಿಯ ಹತ್ತಿರಕ್ಕೆ ಜರುಗಿ ಕೂತೆ. ದಿನಾ ಬೆಳಗ್ಗೆ ನಾನು ಓದುವ ತುಟಿಗಳೇ, ಬೀಡಿಯ ಕಪ್ಪು ಸ್ವಲ್ಪ ಹೆಚ್ಚು, ಅಷ್ಟೆ. ಓದಿದಂತೆಲ್ಲ ಅತ್ತೆಗೆ ಹೇಳತೊಡಗಿದೆ.

"ಏಳ್ಲಾ ಮೂಟೆ, ಎದ್ದೇಳ್ಲಾ ಅಂತಾವ್ರೆ ಅತ್ತೆ. ನೆಲುಕ್ಕೇನ್ ಗೋಂದ್ ಹಾಕವ್ರಾ ಅಂತಾವ್ರೆ."

ಅತ್ತೆಯ ತಲೆ ನನ್ನ ಕಡೆ ತಿರುಗಿತು.

"ಕಾಲಿಡ್ಕಳ್ಲಾ, ಕಾಲು! ಅವ್ನೇನ್ ನಿನ್ ಬಾಮೈದ್ನಾ, ಇಂಗ್ ನಾಚ್ಕತಿಯಲ್ಲ!" 'ಅಂತಾವ್ರೆ' ಎನ್ನಲು ಪುರಸೊತ್ತಾಗಲಿಲ್ಲ, ಅವರ ತುಟಿ ಅಷ್ಟು ಜೋರಾಗಿ ಓಡುತ್ತಿತ್ತು. ನಾನೂ ಓಡಬೇಕಾಯಿತು. ಅತ್ತೆಯ ಮುಂದೆ, ಊರ ಹಿರಿಯ ಗಂಡಸರ ಮುಂದೆ ನಾನು ಯಾವತ್ತೂ ದನಿಯೆತ್ತಿ ಮಾತಾಡಿದವಳಲ್ಲ. ಮೆತ್ತಗೆ ಹೇಳಿದರೆ ಆ ಮಾತು ಮಾತೇ ಅಲ್ಲ, ಏನು ಮಾಡಲಿ? "ಆ ಚಡ್ಡಿ ಸಡ್ಲಾದೋನ್ನ ಬುಡ್ಬ್ಯಾಡಿ ಕಣ್ರಲಾ, ನೆನ್ನೆ ನಮ್ ಬಾವಿಗಿಳ್ದಿದ್ದೋನು ಅವ್ನೇಯಾ!"

ಧಡ್ ಎಂದು ಸದ್ದಾಯಿತು. ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು ಬಾಗಿಲಿಗೆ ಗುದ್ದಿದ್ದರು. ಕೈಯಲ್ಲಿ ಮರ ಹತ್ತುವ ಹಾಗೆ ಮಾಡಿ ತೋರಿಸಿದರು.

"ಬಾವಿ ಅಲ್ವಂತೆ, ಮಾವು! ನಮ್ ಮಾವಿನ್ಮರ ಹತ್ತಿದ್ನಂತೆ!" ಎಂದು ಮಗಳು ಕೂಗಿದಳು. ಎಲ್ಲರೂ ನಕ್ಕರು. ಯಜಮಾನರು ಇನ್ನೂ ಗಟ್ಟಿಯಾಗಿ ಎಂದು ನನಗೆ ಕೈ ಮೇಲೆತ್ತಿ ತೋರಿಸಿದರು. ನಾನು ಇನ್ನೂ ಗಟ್ಟಿಯಾಗಿ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಗತೊಡಗಿದರು. "ಇವ್ನಿಗ್ ನಾಲ್ಗೆ ಮ್ಯಾಲೆ ಹಿಡ್ತ ಇಲ್ಲ. ಚಿಕ್ಕಂದ್ರಿಂದ್ಲೂ ಇಂಗೆಯಾ" ಎಂದರು. ಯಾರಿಗೆ ಹೇಳಿದರೋ.

ತಂಡ ಗೆದ್ದಿತು. ದಪ್ಪನೆಯವನನ್ನು ಎತ್ತಲು ಹೋಗಿ ಎಲ್ಲರೂ ಬಿದ್ದರು. ಮತ್ತೆ ಯಜಮಾನರ ಮುಖ, ತೀರ ಹತ್ತಿರದಿಂದ. ಮೊದಲ ಸಲ ಆ ದನಿ ಇಲ್ಲಿ ಜಯಘೋಷ ಮಾಡಿತ್ತು. ಆದರೆ ಅವರು ನೋಡುತ್ತಿದ್ದುದು ಅಂಕಣವನ್ನಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ, ಹೆಂಗಸರು ನಿಂತಿದ್ದ ಕಡೆ ನೋಡಿ ಏನೋ ಕೇಳಿದರು. ಅಲ್ಲಿ ಹಿಂದೆ ನಾನಿದ್ದೆ. ನನಗೆ ಅವತ್ತು ಕೇಳಿಸಿರಲಿಲ್ಲ.

ಮಂಡಿಯೂರಿ ಟಿವಿಗೆ ಇನ್ನೂ ಹತ್ತಿರ ಬಗ್ಗಿದೆ.

"ಯಾಕವ್ವ ನಿಲ್ಲಿಸ್ಬುಟ್ಟೆ? ಏನಂತಾವ್ನೆ?" ಎಂದರು ಅತ್ತೆ.

ಗದ್ದೆಯ ಆಚೆ ಬದುವಿಗೆ ಕೇಳುವಷ್ಟು ಜೋರಾಗಿ ಹೇಳಿದೆ: "ಲೇ ಇವ್ಳೇ! ಅವ್ವ ಇಟ್ಟುಂಡ್ಲಾ?"

ಅತ್ತೆ ಟಿವಿಯ ಬೆಳಕಿನ ಕಡೆಗೆ ಮುಖ ಎತ್ತಿದರು.

"ಉಂಡೆ ಕಣ್ಲಾ ಮಗ. ಸಾರ್ಗೆ ಉಪ್ಪು ಜಾಸ್ತಿ ಮಾಡಿದ್ಲು, ಉಂಡೆ. ನೀನುಂಡ್ಯಾ?"

ಬಾಗಿಲಲ್ಲಿದ್ದ ಯಜಮಾನರು ಬಂದು ತಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತುಟಿ ಆಡಿಸಿದರು. ಆ ಮಧ್ಯಾಹ್ನ ಅವರು ನಿಜವಾಗಿಯೂ ಉಂಡಿರಲಿಲ್ಲ, ನಾನೂ ಉಂಡಿರಲಿಲ್ಲ.

"ಇಲ್ವಂತೆ ಅತ್ತೆ" ಎಂದು ಹೇಳಿ, ತಟ್ಟೆ ಹಾಕಲು ಎದ್ದೆ.